ನಾಲ್ಕು ಹಿಡಿಕೆಗಳು

ಅಕ್ಕ ಶವಪೆಟ್ಟಿಗೆಯ ಹಿಡಿಕೆಯನ್ನು ಎರಡೂ ಕೈಯಿಂದ ಜಗ್ಗುತ್ತಿದ್ದಳು. ತಮ್ಮ ತೀರಿಕೊಂಡ ಸುದ್ದಿ ಬೆಳಿಗ್ಗೆ ಆಸ್ಪತ್ರೆಯಿಂದ ಬಂದಿತ್ತು. ಮಧ್ಯಾಹ್ನದೊಳಗೆ ಅವನು ದುಡಿದಿದ್ದ ಕಾರಖಾನೆಯಿಂದ ಪೆಟ್ಟಿಗೆಯೂ ಬಂತು. ಅವನು ಬದುಕಿದ್ದಾಗ ಆ ಕಾರಖಾನೆ ಇಷ್ಟು ಚುರುಕು ತೋರಿಸಿದ್ದಿಲ್ಲ.

"ಅಮ್ಮಾ, ಎಳೀಬೇಡಿ," ಎಂದ ಪೆಟ್ಟಿಗೆಯ ಜೊತೆ ಬಂದಿದ್ದ ಮ್ಯಾನೇಜರ್. "ನಮ್ಮದೇ ಮಾಲು. ಪರಿಸರಕ್ಕೂ ಒಳ್ಳೇದು, ಕೆಲಸಗಾರರಿಗೂ ಒಳ್ಳೇದು. ಚೀಟಿ ನೋಡಿ ಬೇಕಾದ್ರೆ."

'ನಮ್ಮೂರಿನ ಕೈ, ನಮ್ಮೂರಿನ ಕೆಲಸ' ಎಂದಿತ್ತು ಹಿಡಿಕೆಗೆ ಅಂಟಿಸಿದ್ದ ಚೀಟಿ.

"ನೋಡ್ದೆ. ಇದನ್ನ ಅಂಟಿಸಿದ್ದು ನನ್ನ ತಮ್ಮನೇ ಅಲ್ವೇನಪ್ಪಾ?"

* * *

ಮೂವತ್ತು ವರ್ಷ ಅವನು ಅಲ್ಲಿ ಬಾಗಿಲಿಗೆ, ಪೆಟ್ಟಿಗೆಗೆ ಹಿತ್ತಾಳೆಯ ಹಿಡಿಕೆ ಎರೆದ. ಪ್ರತಿ ಎರಕದಿಂದ ಒಂದನ್ನು ತೊಲೆಗೆ ಬಿಗಿದು, ಎರಡು ಕೈಯಲ್ಲಿ ಜೋತುಬಿದ್ದು, ಹತ್ತು ಎಣಿಸಿದ ಮೇಲೆಯೇ ಮಾಲನ್ನು ಹೊರಗೆ ಬಿಡುತ್ತಿದ್ದ. ಜೊತೆಯವರು 'ಬಾವಲಿ' ಎಂದು ಹೆಸರಿಟ್ಟರು.

"ನಗ್ರೋ, ನಗ್ರಿ. ಯಾರೋ ನಂಬಿ ಹಿಡ್ಕೋತಾರಲ್ಲ," ಎನ್ನುತ್ತಿದ್ದ.

ಆಮೇಲೆ ಕುಲುಮೆ ಆರಿಸಿದರು. ಹಡಗಿನಲ್ಲಿ ಅಗ್ಗದ ಹಿಡಿಕೆ ಬಂತು. ಕೊಳ್ಳುವವರು ಊರಿನ ಮಾಲನ್ನೇ ಕೇಳತೊಡಗಿದಾಗ ಕುಲುಮೆ ಮತ್ತೆ ಹೊತ್ತಲಿಲ್ಲ, ಚೀಟಿ ಅಚ್ಚಾಯಿತು. ಅಂಟಿಸಲು ಅವನನ್ನೇ ಕರೆದರು. ಮೂರು ದಿನ ಅಂಟಿಸಿದ. ನಾಲ್ಕನೆಯ ದಿನ ಆ ಅಗ್ಗದ ಹಿಡಿಕೆಗಳಲ್ಲೊಂದನ್ನು ತೊಲೆಗೆ ಬಿಗಿದು ಜೋತುಬಿದ್ದ. ನಾಲ್ಕು ಎಣಿಸುವಷ್ಟರಲ್ಲಿ ಹಿಡಿಕೆ ಮುರಿಯಿತು, ಅವನ ಸೊಂಟವೂ ಮುರಿಯಿತು. ಮುದುಕನಿಗೆ ಆಟ ಬೇಕಿತ್ತೇ ಎಂದು ಕಾರಖಾನೆ ಕೈತೊಳೆದುಕೊಂಡಿತು. ಅವನು ಹಾಸಿಗೆಯಿಂದ ಏಳಲೇ ಇಲ್ಲ.

* * *

ಹಿಡಿಕೆ ಕಿತ್ತು ಅಕ್ಕನ ಕೈಗೆ ಬಂತು. ಒಳಗೆ ತಗಡು, ಮೇಲೆ ಹಿತ್ತಾಳೆಯ ಬಣ್ಣ.

"ಸ್ಕ್ರೂ ಸಡಿಲ ಇತ್ತು ಅನ್ಸುತ್ತೆ," ಎಂದ ಮ್ಯಾನೇಜರ್.

"ಸಡಿಲ ಇರೋದು ನಿನ್ನ ನಾಲಿಗೆ. ಒಂದ್ಸಲ ಬೀಳ್ಸಿದ್ದು ಸಾಲ್ದಾ? ಈ ಹಿಡಿಕೆ ಹಿಡಿದು ಇವನನ್ನ ಎತ್ತೋಕೆ ಬಿಡಲ್ಲ."

ಪಕ್ಕದ ಮನೆಯ ಬಡಗಿ ಸ್ಕ್ರೂಡ್ರೈವರ್ ತಂದು ಅಕ್ಕನ ಮನೆಯ ಹಿಡಿಕೆಗಳನ್ನು ಬಿಚ್ಚಿದ. ಬೀದಿಬಾಗಿಲಿನದು, ಅಡುಗೆಮನೆಯದು, ಬೀರುವಿನ ಎರಡು. ನಾಲ್ಕೂ ಸತ್ತವನು ಎರೆದವು.

"ಬಾವಲಿ ಮಾಮನ ಕೈಕೆಲ್ಸ ಅಕ್ಕಾ. ಆನೆ ಕಟ್ಟಿದ್ರೂ ಕಿತ್ತು ಬರಲ್ಲ," ಎಂದು ತಗಡಿನವನ್ನು ತೆಗೆದು ಪೆಟ್ಟಿಗೆಗೆ ಬಿಗಿದ.

ಎತ್ತುವ ಹೊತ್ತಿಗೆ ಫೋಟೋದವನನ್ನು ಕರೆದುಕೊಂಡು ಮ್ಯಾನೇಜರ್ ಮುಂದೆ ಬಂದು ಪೆಟ್ಟಿಗೆ ಹಿಡಿಯಲು ಕೈಚಾಚಿದ. ಅಕ್ಕ ಆ ಕೈಯಲ್ಲಿ ತಗಡಿನ ಹಿಡಿಕೆ ಇಟ್ಟಳು.

"ನೀನು ನಿಂದನ್ನ ಹಿಡ್ಕೋಪ್ಪಾ. ಚೀಟಿ ಕಾಣೋ ಹಾಗೆ."

ಪೆಟ್ಟಿಗೆ ಹೊರಟಿತು. ಬೀದಿಬಾಗಿಲನ್ನು ಎಳೆದುಕೊಳ್ಳಲು ಹಿಡಿಕೆಯಿರಲಿಲ್ಲ. ಅದು ತೆರೆದೇ ಉಳಿಯಿತು. ಸ್ಕ್ರೂ ಇದ್ದ ತೂತುಗಳಲ್ಲಿ ಬಿಸಿಲು ತೂರಿ ನೆಲದ ಮೇಲೆ ಬಿದ್ದಿತ್ತು. ಅಕ್ಕ ಹೊಸ್ತಿಲಲ್ಲಿ ನಿಂತು ಕೈಜೋಡಿಸಿದಳು.

"ದೇವರೇ, ಇಲ್ಲೀವರೆಗೆ ನಾವು ಹಿಡ್ಕೊಂಡ್ವಿ. ಇನ್ನು ನೀನು ಹಿಡ್ಕೋ. ನನ್ನ ತಮ್ಮನಿಗೆ ಶಾಂತಿ ಕೊಡು."