ಡೈನರ್ ಮುಂದಿನ ಟೊಯೋಟಾ

ಅಮರೇಶ್ವರ ಚಿತ್ರ ಬರೆಯುತ್ತಿದ್ದುದು ಡೈನರ್‌ಗಳದ್ದು ಮಾತ್ರ. ರೈಲಿನ ಡಬ್ಬಿಯಂತೆ ಉದ್ದಕ್ಕೆ ನಿಂತ, ಉಕ್ಕಿನ ಮೈಯ, ಕೆಂಪು ನಿಯಾನ್ ಅಕ್ಷರಗಳ ಹೆದ್ದಾರಿ ಹೋಟೆಲುಗಳು. ಬಣ್ಣದ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದ ಅವರು ಶನಿವಾರ ಬಂತೆಂದರೆ ತಾವಿದ್ದ ಮೆಟುಚೆನ್ ಊರಿನಿಂದ ಕಾರು ಹೊರಡಿಸಿ, ಎಲ್ಲೋ ಒಂದು ಡೈನರ್ ಎದುರು ಮಡಚುವ ಕುರ್ಚಿ ಹಾಕಿ ಕೂರುತ್ತಿದ್ದರು. ಜತೆಗೆ ಬರುತ್ತಿದ್ದ ಹೆಂಡತಿ ವೀರಬಸಮ್ಮ ಕಾರಿನಿಂದ ಇಳಿಯುತ್ತಿರಲಿಲ್ಲ.

"ಮಾಂಸ ಹುರಿಯೋ ವಾಸನಿ ಇಲ್ಲೀತನಕ ಬರತದ. ಗ್ಲಾಸ್ ಏರಿಸೇ ಇರ್ಲಿ. ನೀವು ನಿಮ್ಮ ಡಬ್ಬಿ ಬರಕೋರಿ, ನಾ ನನ್ನ ಡಬ್ಬಿ ಬಿಚ್ಚಿ ಉಣ್ತೀನಿ."

ಆಕೆ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಮಗಳು ಅಕ್ಷತಾ ಕೇಳಿದಳು: "ಅಪ್ಪಾ, ಸ್ಮರಣೆ ದಿನ ಇಡೋಕೆ ಫೋಟೋ ಬೇಡ. ಕಾರಲ್ಲಿ ಅಮ್ಮ ಕೂತಿರೋ ಪೇಂಟಿಂಗ್ ಒಂದು ಕೊಡಿ. ಶೀ ವಾಸ್ ಆಲ್ವೇಸ್ ದೇರ್."

ಅಮರೇಶ್ವರ ಚಿತ್ರಗಳನ್ನೆಲ್ಲ ಹರಡಿದರು. ಪ್ರತಿಯೊಂದರಲ್ಲೂ ಡೈನರ್ ಮುಂದೆ ಐವತ್ತರ ದಶಕದ ಉದ್ದ ಬಾಲದ ಕಾರು. ತಮ್ಮ ಕಂದು ಟೊಯೋಟಾ ಡೈನರಿನ ಆ ಹಳೇ ಕಾಲಕ್ಕೆ ಹೊಂದುವುದಿಲ್ಲವೆಂದು, ಅದರ ಬದಲು ಆ ಕಾರನ್ನು ಪುಸ್ತಕ ನೋಡಿ, ಚಕ್ರದ ಮುಚ್ಚಳದವರೆಗೂ ತಪ್ಪಿಲ್ಲದಂತೆ ಬರೆದಿದ್ದರು.

"ಇದು ಯಾರ ಕಾರು?"

"ಯಾರದೂ ಅಲ್ಲವ್ವ."

ಅಕ್ಷತಾ ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಳು. "ಹಾಗಾದ್ರೆ ಈಗ ಬರೀರಿ."

ಅವರು ಬರೆದ ಡೈನರ್‌ಗಳಲ್ಲಿ ಉಳಿದಿದ್ದು ಒಂದೇ. ಅಲ್ಲಿ ಸಾಫ್ಟ್‌ವೇರ್ ಕಂಪನಿಯೊಂದರ ಕಟ್ಟಡ ಏಳಲಿತ್ತು. ಡೈನರ್ ಅನ್ನು ಸೋಮವಾರ ಬುಡದಿಂದ ಎತ್ತಿ, ಇಡಿಯಾಗಿ ಟ್ರಕ್ಕಿಗೇರಿಸಿ ಸಾಗಿಸುವವರಿದ್ದರು. ಭಾನುವಾರ ಅಪ್ಪ ಮಗಳು ಅದೇ ಟೊಯೋಟಾದಲ್ಲಿ ಹೋದರು.

"ನೀ ಅವ್ವನ ಸೀಟಿನ್ಯಾಗ ಕೂಡು. ಗ್ಲಾಸ್ ಏರಸು."

ಕುರ್ಚಿ ಹಾಕಿ ನೋಡಿದರೆ ಕಿಟಕಿಯಲ್ಲಿ ಮೋಡ, ತಂತಿ, ಎಲೆಯಿಲ್ಲದ ಒಂದು ಕೊಂಬೆ. ಮಗಳು ಕಾಣಲಿಲ್ಲ. ಕುರ್ಚಿ ಸರಿಸಿದರು. ಕೊಂಬೆ ಸರಿಯಿತು, ಅಷ್ಟೆ. ಹೊರಗಿನ ಬೆಳಕು ಹೆಚ್ಚಿದ್ದಾಗ ಗಾಜು ಕನ್ನಡಿಯಾಗುತ್ತದೆ. ಅದು ಅವರಿಗೆ ಕಾಲೇಜಿನಿಂದಲೂ ಗೊತ್ತಿದ್ದ ಸಂಗತಿ. ಇಷ್ಟು ವರ್ಷ ಆ ಗಾಜಿನ ಹಿಂದೆ ಆಕೆ ಉಣ್ಣುತ್ತಿದ್ದಳೋ, ನಿದ್ದೆ ಮಾಡುತ್ತಿದ್ದಳೋ, ತಮ್ಮನ್ನೇ ನೋಡುತ್ತಿದ್ದಳೋ, ಅವರು ಕಂಡೇ ಇರಲಿಲ್ಲ. ನೆನಪಿನಿಂದ ಬರೆಯೋಣವೆಂದರೆ ನೆನಪೂ ಇರಲಿಲ್ಲ.

ಅಕ್ಷತಾ ಗಾಜು ಇಳಿಸಿದಳು. "ಅಪ್ಪಾ, ಕಾಣ್ತಿದೀನಾ? ಇಲ್ಲಿಂದ ನೀವು ತುಂಬಾ ಚೆನ್ನಾಗಿ ಕಾಣ್ತೀರ."

"ಏರಸವ್ವ. ಆಕಿ ಇಳಸ್ತಿರಲಿಲ್ಲ."

ಗಾಜು ಮೇಲೇರಿತು. ಅಮರೇಶ್ವರ ಕಂದು ಬಣ್ಣದಲ್ಲಿ ಟೊಯೋಟಾ ಬರೆದರು. ಕಿಟಕಿಯ ಚೌಕಕ್ಕೆ ಬಂದಾಗ ಕುಂಚ ತೊಳೆದು, ಮೋಡದ ಬೂದಿ ಬಣ್ಣವನ್ನು ತೆಳ್ಳಗೆ ಕಲಸಿ, ಅಂಚಿನಿಂದ ಅಂಚಿಗೆ ತುಂಬಿದರು.