ಹನ್ನೆರಡು ಪದ್ಯದಷ್ಟು ಹೊತ್ತು

"ಬೆಂಕಿ ಹೋತೋ, ಇನ್ನೂ ಐತೋ?"

ದಿನಾ ಬೆಳಿಗ್ಗೆ ನನ್ನ ಎಣ್ಣೆಯ ಚಾವಿ ತಿರುವಿ ಬಂದ್ ಮಾಡಿದ ಮೇಲೆ ನೀಲಗಂಗವ್ವ ಹೀಗೆ ಗಟ್ಟಿಯಾಗಿ ಕೇಳುತ್ತಿದ್ದಳು. ಬಚ್ಚಲಮನೆಯಲ್ಲಿ ಆಗ ಬೇರೆ ಯಾರೂ ಇರುತ್ತಿರಲಿಲ್ಲ. ಅವಳೂ ಉತ್ತರಕ್ಕೆ ಕಾಯುತ್ತಿರಲಿಲ್ಲ. ಮಣೆ ಎಳೆದುಕೊಂಡು ನನ್ನ ಮುಂದೆ ಕೂತು ಪದ್ಯ ಹೇಳಲು ಶುರುಮಾಡುತ್ತಿದ್ದಳು.

ನಾನು ಒಂದು ಎಣ್ಣೆಯ ಬಾಯ್ಲರ್. ಹುಬ್ಬಳ್ಳಿಯ ತಗಡಿನ ಶೆಡ್ಡೊಂದರಲ್ಲಿ ಮಕ್ತುಂಸಾಬನ ಕೈಯಲ್ಲಿ ಹುಟ್ಟಿದೆ. ಹತ್ತು ಕೊಡ ನೀರು ಹಿಡಿಯುವ ಉಕ್ಕಿನ ಹೊಟ್ಟೆ, ಅದರ ಕೆಳಗೆ ಬೀಡುಕಬ್ಬಿಣದ ತಾಟು, ತಾಟಿಗೆ ಹನಿಹನಿಯಾಗಿ ಚಿಮಣಿ ಎಣ್ಣೆ ಇಳಿಸುವ ಸಣ್ಣ ಕೊಳವೆ, ಬೆನ್ನಿಗೊಂದು ಹೊಗೆಗೂಡು. ಇಷ್ಟೇ ನನ್ನ ಮೈ.

ಮೊದಲು ನಾನು ಧಾರವಾಡದ ಗಲಗಲಿ ರಾಯರ ಮನೆಗೆ ಹೋದೆ. ಅವರು ರಿಟೈರ್ಡ್ ಓವರಸೀಯರು. ಗಡಿಯಾರ ನೋಡಿ ಹಚ್ಚುತ್ತಿದ್ದರು, ಗಡಿಯಾರ ನೋಡಿ ಆರಿಸುತ್ತಿದ್ದರು. ಆರು ವರ್ಷ ನನ್ನ ಮೈಗೆ ಒಂದು ಗೀರೂ ಬೀಳಲಿಲ್ಲ. ಆ ಆರು ವರ್ಷಗಳಲ್ಲಿ ನೆನಪಿಟ್ಟುಕೊಳ್ಳುವಂಥ ಒಂದು ದಿನವೂ ಇಲ್ಲ. ಅವರ ಮನೆಗೆ ಕರೆಂಟಿನ ಗೀಝರ್ ಬಂದಾಗ ಮಕ್ತುಂಸಾಬ ನನ್ನನ್ನು ಮರಳಿ ತಂದು, ಹಳೇ ಹುಬ್ಬಳ್ಳಿಯ ನೀಲಗಂಗವ್ವನ ಬಚ್ಚಲಿನಲ್ಲಿ ಕೂಡಿಸಿದ.

ನೀಲಗಂಗವ್ವ ಬಾಣಂತಿಯರಿಗೆ ಎಣ್ಣೆ ಹಚ್ಚಿ ನೀರು ಎರೆಯುವವಳು. ಓಣಿಯ ಬಾಣಂತಿಯರು ಕೂಸಿನ ಸಮೇತ ಅವಳ ಮನೆಗೇ ಬರುತ್ತಿದ್ದರು. ಏಳಕ್ಕೆ ಒಬ್ಬಳು, ಹತ್ತಕ್ಕೆ ಇನ್ನೊಬ್ಬಳು. ಎಣ್ಣೆ ಉಳಿಸಲು ನಡುವೆ ನನ್ನನ್ನು ಆರಿಸಿ ಮತ್ತೆ ಹಚ್ಚಬೇಕು.

ಆರಿಸುವುದನ್ನು ಮಕ್ತುಂಸಾಬ ಮೊದಲ ದಿನವೇ ಕಲಿಸಿದ. "ಮೊದಲ ಎಣ್ಣಿ ಬಂದ್. ತಾಟಿನ್ಯಾಗ ಉಳಿದದ್ದು ತಾನ ಉರದು ಹೋಗಲಿ. ಊದಬ್ಯಾಡ, ನೀರ ಗೊಜ್ಜಬ್ಯಾಡ. ತಾಟು ಪೂರಾ ತಣ್ಣಗಾಗೂಮಟ ಮತ್ತ ಎಣ್ಣಿ ಬಿಡಬ್ಯಾಡ. ಕಾದ ತಾಟಿಗೆ ಎಣ್ಣಿ ಬಿದ್ರ ಹಬಿ ಏಳತೈತಿ. ಹಬಿಗೆ ಕಡ್ಡಿ ತೋರ್ಸಿದ್ರ ಮಾರಿ ಸುಟ್ಟೀತು. ಅರ್ಧಾ ತಾಸು ಕಾಯಬೇಕ, ಯಕ್ಕಾ."

"ನನ್ನ ಕೈತುಂಬ ಎಣ್ಣಿ, ಕಡ್ಲಿಹಿಟ್ಟು. ಗಡಿಯಾರ ಎಲ್ಲಿ ಕಟ್ಟಕೊಳ್ಳಲೋ? ಕೊರಳಿಗೆ?"

"ಕಟ್ಟಕೋ. ಗಂಟಿ ಕಟ್ಟಿದ ಎತ್ತಿನಂಗ ಕಾಣ್ತಿ."

ಅವಳು ಗಡಿಯಾರ ಕಟ್ಟಿಕೊಳ್ಳಲಿಲ್ಲ. ಅವಳ ತಂದೆ ಮಠದಲ್ಲಿ ಪುರಾಣ ಹೇಳುತ್ತಿದ್ದವರು. ತಾವೇ ಹನ್ನೆರಡು ಪದ್ಯ ಕಟ್ಟಿದ್ದರು. ನಡೆದು ದಣಿದ ಶಿವ ದಾರಿಹೋಕನಾಗಿ ಒಂದು ಬಡವರ ಮನೆಗೆ ಬರುತ್ತಾನೆ, ಆ ಮನೆಯವಳು ಅವನ ಕಾಲಿಗೆ ನೀರು ಕಾಯಿಸುತ್ತಾಳೆ. ಅದು ಆ ಪದ್ಯಗಳ ಕಥೆ. ಯಾರೂ ಬರೆದಿಟ್ಟಿರಲಿಲ್ಲ. ಮಗಳು ಕಂಬದ ಮರೆಯಲ್ಲಿ ನಿಂತು ಕಲಿತಿದ್ದಳು. ಹನ್ನೆರಡನ್ನೂ ರಾಗವಾಗಿ ಹೇಳಿ ಮುಗಿಸಿದರೆ ಸರಿಯಾಗಿ ಅರ್ಧ ತಾಸು. ಅಷ್ಟೊತ್ತಿಗೆ ನನ್ನ ತಾಟು ತಣ್ಣಗಾಗಿರುತ್ತಿತ್ತು.

ನನ್ನನ್ನು ಅವಳು ಚೆನ್ನಾಗಿ ನೋಡಿಕೊಂಡಳು. ಅಮಾವಾಸ್ಯೆಗೆ ಎರೆಯುವ ಕೆಲಸವಿಲ್ಲ. ಅಂದು ತಾಟಿನ ಮಸಿ ಕೆರೆದು, ಹೊಗೆಗೂಡು ಬಡಿದು, ಎಣ್ಣೆ ಸೋಸುವ ಅರಿವೆ ಬದಲಿಸುತ್ತಿದ್ದಳು. ಉಳಿದ ದಿನ ಮಕ್ತುಂಸಾಬ ಆಗಾಗ ನಟ್ಟು ಬಿಗಿಯುವ ನೆವದಲ್ಲಿ ಬಂದು ಹೊಸ್ತಿಲ ಮೇಲೆ ಕೂತು ಪದ್ಯ ಕೇಳುತ್ತಿದ್ದ. ಬಿಗಿಯುವಂಥ ನಟ್ಟು ನನ್ನಲ್ಲಿ ಯಾವುದೂ ಇರಲಿಲ್ಲ.

ಹತ್ತೊಂಬತ್ತು ವರ್ಷ ಹೀಗೆ ನಡೆಯಿತು. ನನ್ನ ಬೆಂಕಿ ಆರುವ ಹೊತ್ತನ್ನೇ ನಾನು ಹಂಬಲಿಸುವಂತಾಗಿತ್ತು.

ಒಂದು ಬೆಳಿಗ್ಗೆ ಅವಳು ಮೂರನೆಯ ಪದ್ಯ ಮುಗಿಸಿ ಒಂಬತ್ತನೆಯದಕ್ಕೆ ಹಾರಿದಳು. ನಾಲ್ಕನೆಯದೂ ಒಂಬತ್ತನೆಯದೂ ಒಂದೇ ತರಹ ಶುರುವಾಗುತ್ತವೆ. ದಾರಿಹೋಕ ಬಾಗಿಲಿಗೆ ಬಂದವನು ಒಮ್ಮೆಲೇ ಕಾಲು ತೊಳೆದುಕೊಂಡು ಹೊರಟೇಬಿಟ್ಟ. ನಡುವಿನ ಐದು ಪದ್ಯ ಬಿಟ್ಟುಹೋದದ್ದು ಅವಳಿಗೆ ತಿಳಿಯಲಿಲ್ಲ. ಹನ್ನೆರಡನೆಯದು ಮುಗಿದಾಗ ನನ್ನ ತಾಟು ಇನ್ನೂ ಕಾದೇ ಇತ್ತು. ಅವಳು ನಂಬಿದ್ದು ಪದ್ಯವನ್ನು. ಎಣ್ಣೆ ಬಿಟ್ಟಳು, ಕಡ್ಡಿ ಗೀರಿದಳು.

ಬೆಂಕಿ ನನ್ನ ಬಾಗಿಲಿನಿಂದ ಹೊರಗೆ ಹಾರಿತು. ಅವಳ ಹುಬ್ಬು ಸುಟ್ಟಿತು, ಸೆರಗಿನ ಅಂಚು ಸುಟ್ಟಿತು. ನನ್ನ ಹೊಟ್ಟೆಯ ಬೆಸುಗೆ ಸೀಳಿತು. ದೇವರ ದಯೆ, ಹತ್ತು ಗಂಟೆಯ ಬಾಣಂತಿ ಕೂಸಿನೊಂದಿಗೆ ಇನ್ನೂ ಪಡಸಾಲೆಯಲ್ಲೇ ಇದ್ದಳು.

ಓಣಿಯ ತುದಿಯ ತನ್ನ ಶೆಡ್ಡಿನಿಂದ ಮಕ್ತುಂಸಾಬ ಓಡಿ ಬಂದ. ಎಣ್ಣೆ ಬಂದ್ ಮಾಡಿ, ನಾನು ತಣ್ಣಗಾಗುವ ತನಕ ನನ್ನ ಮುಂದೆ ಕೂತ. ಆಮೇಲೆ ನೀರಿನ ಚಾವಿ ಮುಚ್ಚಿ, ಕೆಳಗಿನ ನಳ ಬಿಚ್ಚಿ, ಹೊಟ್ಟೆಯ ನೀರನ್ನೆಲ್ಲ ಮೋರಿಗೆ ಬಿಟ್ಟ. ಎಣ್ಣೆಯ ಡಬ್ಬಿ ಬಿಚ್ಚಿ ಹೊರಗೆ ಒಯ್ದ. ಕೊಳವೆಯ ಬಾಯಿಗೆ ಬಿರಡೆ ಹಾಕಿ ಬಿಗಿದ.

ಈಗ ಬಚ್ಚಲಿನಲ್ಲಿ ಕರೆಂಟಿನ ಗೀಝರ್ ಇದೆ. ಬಟನ್ ಒತ್ತಿದರೆ ಹತ್ತುತ್ತದೆ, ಒತ್ತಿದರೆ ಆರುತ್ತದೆ. ನಡುವೆ ಕಾಯುವುದೇ ಇಲ್ಲ. ಕಾಯುವುದು ಇಲ್ಲದ ಮೇಲೆ ಪದ್ಯವೂ ಇಲ್ಲ. ನಾನು ಹಿತ್ತಲಿನ ಮೂಲೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿದ್ದೇನೆ. ನಾಲ್ಕರಿಂದ ಎಂಟರ ತನಕ ಐದೂ ಪದ್ಯ ನನ್ನೊಳಗೆ ಅಕ್ಷರ ತಪ್ಪದೆ ಇವೆ. ಕೇಳಿಸಿಕೊಳ್ಳುವುದಷ್ಟೇ ಕೊಟ್ಟ ದೇವರು ಹೇಳುವುದನ್ನು ಯಾಕೆ ಕೊಡಲಿಲ್ಲವೋ ತಿಳಿಯದು. ಅವನ ಲೆಕ್ಕ ಅವನದು ಎಂದು ಸುಮ್ಮನಿರುತ್ತೇನೆ.

ನಿನ್ನೆ ಮಧ್ಯಾಹ್ನ ಅವಳು ಮಕ್ತುಂಸಾಬನನ್ನು ಕರೆಸಿದಳು. ಮಣೆ ತಂದು ನನ್ನ ಮುಂದೆ ಕೂತು ಶುರುಮಾಡಿದಳು. ಒಂದು, ಎರಡು, ಮೂರು. ಅಲ್ಲಿಗೆ ಪದ್ಯ ನಿಂತಿತು.

"ನಡುವಿನ್ವು ಬರವಲ್ಲವು, ಮಕ್ತುಮಣ್ಣಾ. ನಿನಗ ನೆನಪೈತೇನು?"

"ರಾಗ ಐತಿ. ಮಾತು ಇಲ್ಲ."

"ಅಪ್ಪ ಇಟ್ಟುಹೋದದ್ದು ಇಷ್ಟ. ನನ್ನ ಕೈಯಾಗ ಕಳದು ಹೋಗಬಾರದು. ಬೆಂಕಿ ಮುಂದ ಕುಂತ್ರ ಬರ್ತಾವು, ಖರೇನ ಬರ್ತಾವು. ನೀರು ಬ್ಯಾಡ, ಏನೂ ಬ್ಯಾಡ. ಒಂದ ಸರ್ತಿ ಹಚ್ಚಿ ಆರಿಸು. ಆರೂಮಟ ಕುಂದರ್ತೀನಿ."

ಹಚ್ಚು, ಹಚ್ಚು ಎಂದು ನಾನೂ ಬೇಡಿದೆ.

ಮಕ್ತುಂಸಾಬ ನನ್ನ ಸೀಳಿದ ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿದ. ಇನ್ನೂ ಪೂರ್ತಿ ಬೆಳೆಯದ ಅವಳ ಹುಬ್ಬನ್ನು ನೋಡಿದ. ಕಣ್ಣೊರೆಸಿಕೊಂಡ.

"ಇಲ್ಲ, ಯಕ್ಕಾ," ಅಂದ. "ನಾ ಹಚ್ಚೂದಿಲ್ಲ."