ಬಟ್ಟಲಿಗೆ ಹಿಡಿಸದ ಹೊಟ್ಟೆ

ದೊರೆಗೆ ದ್ರಾಕ್ಷಾರಸ ಬಡಿಸುವ ಅಧಿಕಾರಿ ಅಮೆನ್‌ವಾಹ್ಸು ನಮ್ಮ ಅಕ್ಕಸಾಲೆಗೆ ಬಂದರೆ ಮೊದಲು ಹೊಟ್ಟೆ ಒಳಗೆ ಬರುತ್ತಿತ್ತು, ಆಮೇಲೆ ಅವರು. ಮದುವೆಯಾಗಿ ಎಷ್ಟೋ ವರ್ಷವಾದರೂ ಅವರಿಗೆ ಮಕ್ಕಳಿರಲಿಲ್ಲ. ಸಂತಾನ ಕೊಡುವವಳು ನಮ್ಮೂರ ಬೆಕ್ಕಿನ ಮುಖದ ತಾಯಿ ಬಾಸ್ತೆಟ್. ಅವಳಿಗೆ ಬೆಳ್ಳಿ ಬಟ್ಟಲಿನ ಹರಕೆ ಹೊತ್ತಿದ್ದರು. ಈ ದೇಶದಲ್ಲಿ ಚಿನ್ನವಾದರೂ ಸಿಗುತ್ತದೆ, ಬೆಳ್ಳಿ ಸಿಗುವುದಿಲ್ಲ. ದೊಡ್ಡವರಿಗೆ ಸಿಗದ್ದೇ ಬೇಕಲ್ಲ.

ಹರಕೆ ಹೊತ್ತವರು ದೇವಿಯ ಮುಂದೆ ನಿಂತ ಚಿತ್ರ ಬಟ್ಟಲಿನ ಮೇಲಿರಬೇಕು. ಯಾರ ಚಿತ್ರವೋ ಅವರಿಗೇ ವರ.

"ಸೊಂಟ ಮಾತ್ರ ಸಣ್ಣಗಿರಲಿ ಕಣಯ್ಯ," ಎಂದರು ಅಮೆನ್‌ವಾಹ್ಸು, ಅಕ್ಕಸಾಲಿಗನಾದ ನನ್ನ ಗಂಡ ಖಾಯ್‌ಗೆ.

ಅಂಥ ಸೊಂಟ ಎಲ್ಲಿಂದ ತರುವುದು? ನನ್ನ ತಮ್ಮ ಇಪುಯ್ ಬಿಯರು ಕುಡಿದು ಮೂಲೆಯಲ್ಲಿ ಬಿದ್ದಿದ್ದ. ಅವನನ್ನೇ ಎಬ್ಬಿಸಿ ಕೈಮುಗಿಸಿ ನಿಲ್ಲಿಸಿ, ಖಾಯ್ ಅವನ ಸೊಂಟವನ್ನಷ್ಟೇ ಅಲ್ಲ, ಮೂಗನ್ನೂ ಬಟ್ಟಲಿನ ಮೇಲೆ ಕೊರೆದುಬಿಟ್ಟ. ಹುಟ್ಟಿದಾಗಿನಿಂದ ಇಪುಯ್ ಮಾಡಿದ ಒಂದೇ ಕೆಲಸ ಹಾಗೆ ನಿಂತದ್ದು.

"ರೀ, ದೇವಿಗೆ ಗುರುತು ಸಿಗುತ್ತಾ?" ಎಂದೆ.

"ಕೆಳಗೆ ಸಾಹೇಬ್ರ ಹೆಸರಿದೆಯಲ್ಲೇ, ಓದ್ಕೋತಾಳೆ."

"ಬೆಕ್ಕು ಯಾವತ್ರೀ ಓದಿದ್ದು?"

ಬಟ್ಟಲು ಗುಡಿ ಸೇರಿತು. ಮುಂದಿನ ವರ್ಷ ದೇವಿಯ ಹಬ್ಬದ ಹೊತ್ತಿಗೆ ಇಪುಯ್ ಹೆಂಡತಿ ಅವಳಿ ಗಂಡುಮಕ್ಕಳನ್ನು ಹೆತ್ತಳು. ಏನೂ ಬೇಡದವನಿಗೆ ಎರಡೆರಡು. ಅಮೆನ್‌ವಾಹ್ಸು ಮನೆಯ ತೊಟ್ಟಿಲು ಖಾಲಿಯೇ ಉಳಿಯಿತು. ಊರು ನಕ್ಕಿತು, ನಾನೂ ನಕ್ಕೆ.

"ಬೆಳ್ಳಿ ನಂದು, ಮಕ್ಕಳು ನಿನ್ನ ಭಾವಮೈದನಿಗಾ?" ಎಂದು ಕೂಗಾಡುತ್ತ ಅವರು ಬಂದರು. ಇನ್ನೊಂದು ಬಟ್ಟಲು ಆಗಬೇಕಿತ್ತು. ಈ ಸಲ ಹೆಂಡತಿ ತೆಂತೋಪೆಯೂ ಬಂದಿದ್ದಳು. ಅವಳ ಮುಖ ನೋಡಿ ನನಗೆ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಖಾಯ್ ಬಟ್ಟಲಿನ ಮೇಲೆ ಮಸಿಯಲ್ಲಿ ಹೊಟ್ಟೆಯನ್ನು ಇದ್ದ ಹಾಗೇ ಬರೆದು ತೋರಿಸಿದ. ಅಮೆನ್‌ವಾಹ್ಸು ಬಹಳ ಹೊತ್ತು ನೋಡಿದರು.

"ಒಂಚೂರು ಕಮ್ಮಿ ಮಾಡು."

ಖಾಯ್ ಒರೆಸಿ ತಿದ್ದಿದ.

"ಇನ್ನೊಂಚೂರು."

"ಸ್ವಾಮಿ, ಇನ್ನೂ ತೆಗೆದ್ರೆ ಮತ್ತೆ ನಮ್ಮ ಇಪುಯ್ಯೇ ಆಗ್ತಾನೆ."

"ಆದ್ರೂ ಗುಡಿಗೆ ಹತ್ತು ಜನ ಬರ್ತಾರೆ, ನೋಡ್ತಾರೆ."

ತೆಂತೋಪೆ ಮುಂದೆ ಬಂದು ಗಂಡನ ಚಿತ್ರವನ್ನು ಅಂಗೈಯಿಂದ ಪೂರ್ತಿ ಒರೆಸಿದಳು.

"ಇವರನ್ನ ಬಿಡಪ್ಪ," ಎಂದಳು ಖಾಯ್‌ಗೆ. "ನನ್ನೊಬ್ಬಳನ್ನೇ ಬರಿ. ಮುಖದ ಈ ಸುಕ್ಕನ್ನೂ ಬಿಡಬೇಡ."